ಸತ್ತವರು ಯಾರೆಂದು ಕೇಳಿದ ಸಾಹೇಬರಿಗೆ

ಮಾನ್ಯ ಜಿಲ್ಲಾಧಿಕಾರಿ ಸಾಹೇಬರ ಸನ್ನಿಧಾನಕ್ಕೆ, ಸುಲ್ತಾನರು ಆಳುತ್ತಿದ್ದ ಕೆಡಾ ಸೀಮೆಯ ನಮ್ಮ ಹಳ್ಳಿಯಲ್ಲಿ ಮೂವತ್ತು ವರ್ಷಗಳಿಂದ ತೀರಿಕೊಂಡ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುತ್ತ ಬಂದಿರುವ ರಪೇಹಳ ಅನಂತ ಸಲಾಮುಗಳು. ತಾವೂ, ದೊರೆಸಾನಿಯವರೂ, ತಮ್ಮ ನಾಯಿಯೂ ಕ್ಷೇಮವೆಂದು ನಂಬಿದ್ದೇನೆ.

ಮೊನ್ನೆ ತಾವು ಸಂತೆಗೆ ದಯಮಾಡಿಸಿ, ಗಂಡಸರೆಲ್ಲ ಕಪ್ಪು ಟೋಪಿಗೆ ಶೋಕದ ಬಿಳಿ ಪಟ್ಟಿ ಸುತ್ತಿದ್ದನ್ನು ಕಂಡು, ತಮ್ಮದೇ ಕಚೇರಿಯ ಗುಮಾಸ್ತನಾದ ನನ್ನ ಅಣ್ಣನ ಮಗ ಯೂನುಸನನ್ನು "ಯಾರಪ್ಪಾ ಸತ್ತಿದ್ದು?" ಎಂದು ವಿಚಾರಿಸಿದಿರಂತೆ. ಅವನು ತರಕಾರಿ ಕೊಳ್ಳುವ ನೆಪದಲ್ಲಿ ಜಾರಿಕೊಂಡನಂತೆ, ಪುಕ್ಕಲ. ಸಾವು ನನ್ನ ಕಸುಬಾದ್ದರಿಂದ ಉತ್ತರವನ್ನು ನಾನೇ ಬರೆಯುತ್ತಿದ್ದೇನೆ.

ಏಪ್ರಿಲ್ ಒಂದರಂದು ತಮ್ಮವರ ಹೊಸ ಸಂವಿಧಾನ ಜಾರಿಗೆ ಬಂದಿತಲ್ಲ, ಸತ್ತದ್ದು ಅಂದೇ, ನಮ್ಮ ನಾಡು. ಸುಲ್ತಾನರಿಗೆ ಆಳುವ ದಣಿವೇಕೆಂದು ಅವರಿಂದ ಅವಸರದಲ್ಲಿ ಸಹಿ ಹಾಕಿಸಿಕೊಂಡು, ರಾಜ್ಯಭಾರವನ್ನೆಲ್ಲ ಲಂಡನ್ನಿನವರೇ ಹೊತ್ತು, ಮಸೀದಿಯ ಉಸ್ತುವಾರಿಯನ್ನು ಮಾತ್ರ ಅವರಿಗೆ ಬಿಟ್ಟುಕೊಟ್ಟ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು! ಮನೆಯ ಯಜಮಾನನನ್ನು ಜಗಲಿಯಲ್ಲಿ ಕೂರಿಸಿ ಒಳಗಿನಿಂದ ಚಿಲಕ ಹಾಕಿಕೊಂಡವರು ಇಷ್ಟು ನಯವಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ.

ನನ್ನ ದೂರು ಮಾತ್ರ ಬಟ್ಟೆಯದು. ಯುದ್ಧ ಮುಗಿದರೂ ಅಂಗಡಿಗಳಲ್ಲಿ ಬಿಳಿ ಬಟ್ಟೆಯಿಲ್ಲ. ಟೋಪಿಯ ಪಟ್ಟಿಗೆಂದು ಬಟ್ಟೆ ಹುಡುಕುತ್ತ ಯೂನುಸ ಬಂದು ನನ್ನ ಪೆಟ್ಟಿಗೆ ನೋಡಿದ.

"ಅದು ನನ್ನ ಕಫನ್ ಕಣೋ! ನಾನು ಹೋಗುವಾಗ ಸುತ್ತಿಕೊಂಡು ಹೋಗೋದು, ನಿಮ್ಮ ಟೋಪಿಗಲ್ಲ!"

"ಇವತ್ತೇ ಹೋಗ್ತಿದ್ದೀರಾ ಅತ್ತೆ? ಇಲ್ವಲ್ಲ, ಕೊಡಿ."

ಜಪಾನಿಯರ ಕಾಲದಲ್ಲಿ ಗೋಣಿ ಉಟ್ಟರೂ ಮುಟ್ಟದೆ ಉಳಿಸಿದ ಬಟ್ಟೆ. ಸುಳ್ಳೇಕೆ ಹೇಳಲಿ, ಎರಡು ಸಲ ಅದನ್ನು ಮಡಚಿ ಮತ್ತೆ ಪೆಟ್ಟಿಗೆಗೇ ಹಾಕಿದೆ. ಆದರೂ ಹೆಂಗಸಿನ ಕಫನ್ನಿಗೆ ಬೇಕಾದ ಐದು ತುಂಡುಗಳನ್ನೂ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಊರಿಗೆಲ್ಲ ಹಂಚಿದೆ.

ಶೋಕದ ಏಳು ದಿನಗಳೂ ಮುಗಿದವು, ಹೆಣ ಮಾತ್ರ ನನ್ನ ಕೈಗೆ ಬಂದಿಲ್ಲ. ಆದ್ದರಿಂದ ತಾವು ದಯವಿಟ್ಟು ಆ ಸಂವಿಧಾನದ ಕಾಗದವನ್ನೇ ಕಳುಹಿಸಿಕೊಡಬೇಕು. ಕರ್ಪೂರದ ನೀರಿನಲ್ಲಿ ಮೂರು ಸಲ ಮೃದುವಾಗಿ ತೊಳೆದು, ಮರ್ಯಾದೆಯಿಂದ ಮಣ್ಣು ಮಾಡುತ್ತೇನೆ. ತೊಳೆಯುವಾಗ ಅಕ್ಷರ ಅಳಿಸಿಹೋದರೆ ಮುದುಕಿಯನ್ನು ಬೈಯಬಾರದು.

ತಮ್ಮ ಸರದಿಗೂ ಬಿಸಿನೀರು ಕಾಯಿಸಲು ಹಿಂಜರಿಯದ,
ತಮ್ಮ ವಿಶ್ವಾಸಿ,
ರಪೇಹ

ಮರೆತ ಮಾತು: ಪಟ್ಟಿ ಸುತ್ತಿದ್ದಕ್ಕೆ ಶಿಕ್ಷೆ ಕೊಡುವುದಿದ್ದರೆ ಯೂನುಸನ ನೌಕರಿ ಕೀಳಬೇಡಿ, ಬಟ್ಟೆ ನನ್ನದು. ತಾವು ಆ ಕಾನೂನನ್ನು ಹಿಂತೆಗೆದ ದಿನ ಪಟ್ಟಿಗಳನ್ನೆಲ್ಲ ಬೇಡಿ ತಂದು ಮತ್ತೆ ಜೋಡಿಸಿ ಹೊಲಿದುಕೊಳ್ಳುತ್ತೇನೆ. ಅಲ್ಲಿಯವರೆಗೆ ಸುತ್ತಿಕೊಳ್ಳಲು ಬಟ್ಟೆಯಿಲ್ಲವಾದ್ದರಿಂದ ಸಾಯುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ನನಗೀಗ ಎಪ್ಪತ್ತೊಂದು. ನಮ್ಮಮ್ಮ ತೊಂಬತ್ತೆಂಟು ವರ್ಷ ಬದುಕಿದ್ದಳು. ಯಾರಿಗೆ ಮೊದಲು ಸುಸ್ತಾಗುತ್ತದೋ ನೋಡೋಣ.