ಮೂರನೇ ಸಾಲಿನ ಎರಡನೇ ಚುಕ್ಕಿ

— ನೆಲ ಒಣಗೈತೆ. ರೇಡಿಯೇಟರಿನ ಬಾಟಲಿ ತುಂಬೈತೆ. ಅಂದ್ಮೇಲೆ ಲೀಕ್ ಇಲ್ಲ. ಲೀಕ್ ಇಲ್ಲ ಅಂದ್ಮೇಲೆ ತಪ್ಪು ಗಾಡೀದಲ್ಲ, ಓಡಿಸಿದೋರ್ದು.

— ಓಡಿಸಿದೋರು ಅಂದ್ರೆ ನಾನು.

— ನಾನು ಯಾರ ಹೆಸರೂ ಹೇಳಿಲ್ಲಪ್ಪ.

— ಹೆಸರು ಬ್ಯಾರೆ ಹೇಳ್ಬೇಕಾ? ಈ ಮನ್ಯಾಗೆ ಇರೋರು ಇಬ್ರು. ಅದ್ರಾಗೆ ಒಬ್ರು ಯಾವತ್ತೂ ತಪ್ಪು ಮಾಡಲ್ಲ.

ನಿಟ್ಟುವಳ್ಳಿಯ ಆ ಮನೆಯ ಅಂಗಳ ಕಾರಿಗಿಂತ ಒಂದು ಮೊಳ ಚಿಕ್ಕದು. ಹೀಗಾಗಿ ಹದಿನೆಂಟು ವರ್ಷದ ಆ ಬಿಳಿ ಕಾರಿನ ಮೂತಿ ಸದಾ ಗೇಟಿನಾಚೆ ಚಾಚಿಕೊಂಡಿರುತ್ತಿತ್ತು. ಇವತ್ತು ಅದು ಬಾನೆಟ್ಟು ಎತ್ತಿ, ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಬಾಯಿ ಕಳೆದುಕೊಂಡಿತ್ತು. ಡಾಕ್ಟರ ಜಾಗದಲ್ಲಿ ಪರಶುರಾಮ. ವಿದ್ಯಾನಗರದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಇವತ್ತು ರಜ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ವಿಡಿಯೋ ಓಡುತ್ತಿರುವ ಫೋನು.

ಹೆಂಡತಿ ಸರೋಜಾ ಆಗಲೇ ಎರಡು ಹೊಲಿಗೆ ಯಂತ್ರಗಳನ್ನು ಹಿಂದಿನ ಸೀಟಿಗೆ ಏರಿಸಿದ್ದಳು. ಹನ್ನೊಂದಕ್ಕೆ ಹರಿಹರದಲ್ಲಿ ಗೆಳತಿ ನಸೀಮಾ ತೆರೆದಿರುವ ಹೊಲಿಗೆ ತರಗತಿಯ ಮೊದಲ ಪಾಠ. ಕಲಿಸುವವಳು ಸರೋಜಾ, ವಾರಕ್ಕೆ ಮೂರು ದಿನ. ಯಂತ್ರಗಳನ್ನು ಬಸ್ಸಿನಲ್ಲಿ ಒಯ್ಯುವಂತಿಲ್ಲ. ಅವಳು ಲೈಸೆನ್ಸ್ ಮಾಡಿಸಿ ವರ್ಷವಾಗಿತ್ತು; ಕಾರಿನ ಕೀ ಗಂಡನ ಜೇಬಿನಿಂದ ಅವಳ ಕೈಗೆ ಇಳಿದದ್ದು ಮಾತ್ರ ಒಂದೇ ಸಲ, ಹೋದ ಶನಿವಾರ. ಅವತ್ತೇ ಪಿ.ಬಿ. ರಸ್ತೆಯಲ್ಲಿ ಶಾಖದ ಮುಳ್ಳು ಕೆಂಪು ಗೆರೆಗೆ ಹೋಗಿ ಕೂತಿತು, ಅವಳು ಕೂಡಲೇ ಗಾಡಿ ನಿಲ್ಲಿಸಿದಳು. ಕೀ ವಾಪಸ್ ಜೇಬು ಸೇರಿತು. ಇವತ್ತು ಗಾಡಿಯ ರೋಗ ಗಾಡಿಯದೇ ಎಂದು ಸಾಬೀತಾಗದಿದ್ದರೆ ಅದು ಅಲ್ಲಿಂದ ಹೊರಬರುವ ಹಾಗಿಲ್ಲ.

— ರಜಾ ಇದ್ದಾಗೆಲ್ಲ ನಾನೇ ಬಿಟ್ಟು ಬರ್ತೀನಿ ಅಂದೆನಲ್ಲ.

— ಆಗ್ಲಿ. ನಿಮ್ಮ ದಸರಾ ರಜದಾಗೆ ರವಿಕೆ ಅಳತೆ ಕಲಿಸ್ತೀನಿ, ಬೇಸಿಗೆ ರಜದಾಗೆ ತೋಳು ಹಚ್ಚೋದು. ಅಲ್ಲೀವರೆಗೂ ಆ ಹುಡುಗೇರು ಸೂಜಿಗೆ ದಾರ ಪೋಣಿಸ್ಕೊಂಡು ಕೂತಿರ್ಲಿ.

— ಇರು, ಇರು. ನಿಂತಲ್ಲೇ ಇಪ್ಪತ್ತು ನಿಮಿಷ ಎಂಜಿನ್ ಓಡಿಸಿ ನೋಡ್ಬೇಕಂತೆ.

ಎಂಜಿನ್ನು ಓಡಿತು. ಪರಶುರಾಮ ಸೀಟಿನಲ್ಲಿ ಕೂತು ಮುಳ್ಳು ನೋಡಿದ. ಸರೋಜಾ ಕೈಲಿದ್ದ ಒರೆಸುವ ಬಟ್ಟೆಯಿಂದ ಗೇಟು, ಗೇಟಿನ ಕೆಳಗಿನ ಕಲ್ಲು ಒರೆಸುತ್ತ ಸುತ್ತಾಡಿದಳು. ಸುಮ್ಮನೆ ನಿಂತು ಅಭ್ಯಾಸವಿದ್ದವಳಲ್ಲ. ಮುಳ್ಳು ಏರಿತು, ಏರುತ್ತಲೇ ಹೋಯಿತು. ಅವನು ಗಾಬರಿಯಿಂದ ಎಂಜಿನ್ ನಿಲ್ಲಿಸಿ ಇಳಿದ.

— ನೋಡಿದ್ಯಾ? ಮತ್ತೆ ಬಿಸಿ ಆತು!

— ಈಗ ಯಾರು ಓಡಿಸ್ತಿದ್ರು?

— ಈಗ ಯಾರೂ ಓಡಿಸ್ತಿರ್ಲಿಲ್ಲ. ಇದು ಶನಿವಾರ ನೀನು ಓಡಿಸಿದ್ದರ ಪರಿಣಾಮ.

ಹೀಗೆಂದವನೇ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದ. ಸರೋಜಾ ಒರೆಸುವ ಬಟ್ಟೆಯಿಂದಲೇ ಅವನ ಕೈಗೆ ಒಂದು ಬಿಟ್ಟಳು.

— ಅಯ್ಯೋ, ಯಾಕ?

— ಮುಖ ಬೇಯಿಸ್ಕೋಬೇಕಾ? ಒತ್ತಡ ಹೆಚ್ಚಾದಂಗೆ ಕುದಿಯೋ ಬಿಂದು ಏರ್ತೈತೆ ಅಂತ ವರ್ಷಾ ವರ್ಷಾ ಬೋರ್ಡಿನ ಮ್ಯಾಲೆ ಬರೆಯೋರು ನೀವೇ ತಾನೇ? ವಿಷಲ್ ಇಳಿಯೋ ಮುಂಚೆ ಕುಕ್ಕರ್ ತೆಗೀತಾರೇನ್ರೀ?

— ನಾನು ಕುಕ್ಕರ್ ಯಾವತ್ತು ತೆಗ್ದೀನಿ?

— ಅದೂ ಖರೆ.

ಮುಚ್ಚಳ ತಣ್ಣಗಾಗಲು ಮುಕ್ಕಾಲು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಪರಶುರಾಮ ಇನ್ನೆರಡು ವಿಡಿಯೋ ನೋಡಿದ. ಸರೋಜಾ ಪಾತ್ರೆ ತೊಳೆದು, ಬಟ್ಟೆ ಒಣಹಾಕಿ, ಮಧ್ಯಾಹ್ನದ ಸಾರಿಗೆ ಒಗ್ಗರಣೆ ಕೊಟ್ಟು ಬಂದಳು. ಬಂದವಳು ನೇರ ಹರಿಹರದ ಮೆಕ್ಯಾನಿಕ್ ಬಡೇಸಾಬರಿಗೆ ಫೋನ್ ಹಚ್ಚಿ, ಶನಿವಾರದ್ದೂ ಇವತ್ತಿನದೂ ಹೇಳಿ, ಸ್ಪೀಕರ್ ಒತ್ತಿ, ಗಂಡನ ಮುಂದೆ ಬಾನೆಟ್ಟಿನ ಕೆಳಗಿನ ಅಂಚಿಗೆ ಇಟ್ಟಳು.

— ಹೇಳ್ರಿ ಮೇಷ್ಟ್ರೇ. ಗಾಡಿ ಕೆಳಗೆ ಏನಾರ ಸೋರ್ತೈತಾ?

— ಒಂದು ಹನೀನೂ ಇಲ್ಲ ಸಾಬ್ರೇ. ದಿನಾ ಕಾಲೇಜಿಗೆ ಹೋಗೋ ಮುಂಚೆ ಬಗ್ಗಿ ನೋಡ್ತೀನಿ. ನೆಲ ಕನ್ನಡಿ ಇದ್ದಂಗೈತೆ.

— ಬಾಟಲಿನಾಗೆ ನೀರು ಇಳೀತೈತಾ?

— ಇಲ್ಲ. ಗೆರೆ ಮುಟ್ಟಿದ್ದು ಮುಟ್ಟಿದಂಗೇ ಐತೆ.

— ವಿಚಿತ್ರ ಐತಲ್ರೀ ಇದು. ಮೂರು ವಾರದ ಹಿಂದೆ ನಿಮಗೆ ಹೇಳಿದ್ದೆ, ದಿನಾ ನೀರು ನೋಡ್ರಿ, ಕಡಿಮೆ ಆದ್ರೆ ಹಾಕ್ರಿ, ಎಷ್ಟು ಹಾಕಿದ್ರಿ ಅಂತ ನೆನಪಿಟ್ಕೊಳ್ರಿ ಅಂತ. ಎಷ್ಟು ಹಾಕಿದ್ರಿ?

— ನಾನಾ? ನಾನು ಒಂದ್ಸಲಾನೂ ಹಾಕಿಲ್ಲ.

ಸರೋಜಾ ಕೈಯಲ್ಲಿದ್ದ ಬಟ್ಟೆ ನೋಡಿದಳು. ಒರೆಸುವ ಬಟ್ಟೆಯ ಒಂದು ಮೂಲೆ ರೇಡಿಯೇಟರಿನ ನೀರಿನ ಹಾಗೆ ತಿಳಿ ಹಸಿರಾಗಿತ್ತು. ಅವಳು ಫೋನಿನ ಕಡೆಗೆ ಬಗ್ಗಿದಳು.

— ಸಾಬ್ರೇ, ನೀರು ನಾನು ಹಾಕ್ತಿದ್ದೆ.

— ನೀನಾ?! ಎಂದ ಪರಶುರಾಮ.

— ಹ್ಞೂಂ. ಸಾಬ್ರು ನಿಮಗೆ ಹೇಳಿದ್ರು, ನೀವು ‘ಆತು’ ಅಂದ್ರಿ. ಈ ಮನ್ಯಾಗೆ ನೀವು ‘ಆತು’ ಅಂದಿದ್ದೆಲ್ಲ ಮಾಡೋರು ಯಾರು? ನಲ್ಲಿ ನೀರು ಬಂದ ದಿನ ಕೊಡ, ಬಕೀಟು, ಡ್ರಮ್ಮು ತುಂಬಿಸಿ, ಕೊನೀಗೆ ಈ ಬಾಟಲಿ ಬಾಯಿಗೂ ಒಂದು ಚೊಂಬು ಹೊಯ್ತಿದ್ದೆ.

— ಮತ್ತೆ ನೆಲ?

— ಅದೂ ನಾನೇ. ನೀವು ಒಂಬತ್ತಕ್ಕೆ ಬಗ್ಗಿ ನೋಡ್ತೀರಿ. ಐದೂವರೆಗೆ ಕಸ ಹೊಡ್ದು, ನೀರು ಹಾಕಿ ತೊಳ್ದಿರ್ತೀನಲ್ಲ. ಈಗ ಎಂಜಿನ್ ಓಡಿದಾಗ ಬಿದ್ದಿದ್ನೂ ಒರೆಸ್ಬಿಟ್ಟೆ ನೋಡ್ರಿ, ನನ್ನ ಕೈಗಿಷ್ಟು!

— ಮೂರು ವಾರದಿಂದ ಸಾಕ್ಷಿ ನಾಶ ಮಾಡ್ತಾ ಇದೀಯಲ್ಲೇ!

— ಮೊದಲ ದಿನಾನೇ ಹೇಳಿದ್ದೆ. ‘ರೀ, ಹಸಿರು ನೀರು ಬಿದ್ದೈತೆ’ ಅಂತ. ‘ಅದು ಏಸಿ ನೀರು, ಬಿಡೇ’ ಅಂದ್ರಿ.

— ಏಸಿ ನೀರು ಬೀಳೋದು ಸಹಜ.

— ಏಸಿ ಕೆಟ್ಟು ನಾಲ್ಕು ವರ್ಷ ಆತಲ್ರೀ!

ಫೋನಿನೊಳಗೆ ಬಡೇಸಾಬ್ ನಕ್ಕಿದ್ದು ಕೇಳಿಸಿತು. ನಗು ಕೆಮ್ಮಾಗಿ ಮುಗಿಯಿತು.

— ಅಕ್ಕಾರೇ, ಬಾಟಲಿ ತುಂಬಿದ್ರೂ ರೇಡಿಯೇಟರ್ ಖಾಲಿ ಇರ್ತೈತೆ ಒಂದೊಂದ್ಸಲ. ಸೋರೋ ಕಡೆಯಿಂದ ಗಾಳಿ ಎಳ್ಕೊಂಡ್ರೆ ಬಾಟಲಿ ನೀರು ಪೂರಾ ಒಳಗೆ ಹೋಗಲ್ಲ. ಈಗ ಹನಿ ಎಲ್ಲಿ ಬೀಳ್ತೈತೆ ಗೊತ್ತಾಗ್ಬೇಕು.

— ಅದು ಹೆಂಗೆ ಗೊತ್ತಾಗ್ಬೇಕು ಸಾಬ್ರೇ, ಎಲ್ಲಾ ಒರೆಸಿ ಇಟ್ಟಾಳೆ, ಎಂದ ಪರಶುರಾಮ. ಒಂದು ರಟ್ಟು ಹಾಸಿ, ನಾಳೆವರೆಗೂ ಬಿಟ್ಟು...

— ಮೂರನೇ ಸಾಲು, ಎರಡನೇ ಚುಕ್ಕಿ, ಎಂದಳು ಸರೋಜಾ.

— ಏನು?

— ರಂಗೋಲಿ. ಏಳು ಸಾಲು, ಏಳು ಚುಕ್ಕಿ. ಹಾಕಿ ಒಳಗೆ ಹೋಗಿ ಕಾಫಿ ಕುಡ್ದು ಬರೋದ್ರಾಗೆ ಆ ಒಂದು ಚುಕ್ಕಿ ಕರಗಿ ಹಸಿರಾಗಿರ್ತೈತೆ. ದಿನಾ ಅದೇ. ಒರೆಸಿ ಮತ್ತೆ ಇಡ್ತೀನಿ.

— ಎಲ್ಲಿ ಹಾಕ್ತೀ ರಂಗೋಲಿನ?

ಸರೋಜಾ ಅವನ ಪಾದಗಳನ್ನು ನೋಡಿದಳು. ಪರಶುರಾಮನೂ ನೋಡಿಕೊಂಡ. ಗೇಟಿನ ಮುಂದಿನ ರಂಗೋಲಿಯ ಐದನೇ ಸಾಲಿನ ಮೇಲೆ ನಿಂತಿದ್ದ. ಇಪ್ಪತ್ತೆರಡು ವರ್ಷದಿಂದ ದಿನವೂ ಅದನ್ನು ದಾಟಿಯೇ ಕಾಲೇಜಿಗೆ ಹೋಗಿದ್ದ.

— ಬಗ್ರಿ ಮೇಷ್ಟ್ರೇ, ಎಂದರು ಬಡೇಸಾಬ್. ಅಕ್ಕಾರು ಹೇಳಿದ ಚುಕ್ಕಿ ಮ್ಯಾಲೆ ನೆಟ್ಟಗೆ ಟಾರ್ಚ್ ಬಿಡ್ರಿ.

ಪರಶುರಾಮ ನೆಲಕ್ಕೆ ಮಲಗಿದ. ಸ್ವಲ್ಪ ಹೊತ್ತು ಅವನ ಕಾಲುಗಳಷ್ಟೇ ಕಂಡವು.

— ಸಾಬ್ರೇ, ಒಂದು ದಪ್ಪ ರಬ್ಬರ್ ಪೈಪು... ಅದರ ಕುತ್ತಿಗೇಗೆ ತಗಡಿನ ಪಟ್ಟಿ... ಒದ್ದೆ ಐತೆ! ಪಟ್ಟಿ ಸಡಿಲ ಐತೆ! ಸಿಕ್ತು, ನಾನು ಹಿಡಿದ್ಬಿಟ್ಟೆ!

— ಶಭಾಷ್ ಮೇಷ್ಟ್ರೇ. ಸ್ಕ್ರೂ ಬಿಗಿ ಮಾಡ್ರಿ. ತಣ್ಣಗಾಗೈತಲ್ಲ, ಈಗ ಮುಚ್ಚಳ ತೆಗ್ದು ರೇಡಿಯೇಟರಿಗೇ ನೀರು ತುಂಬ್ರಿ. ಪೈಪು ಹಳೇದಾಗೈತೆ, ಇಲ್ಲಿಗೆ ತಂದ್ರೆ ಹೊಸದು ಹಾಕ್ತೀನಿ. ದಾರ್ಯಾಗೆ ಮುಳ್ಳು ಏರಿದ್ರೆ ನಿಲ್ಲಿಸ್ಬೇಕು, ಅಷ್ಟೇ.

— ಸರೋಜಾ, ಸ್ಕ್ರೂಡ್ರೈವರ್!

ಅವಳು ಹೊಲಿಗೆ ಯಂತ್ರದ ಡಬ್ಬಿಯಿಂದ ತನ್ನ ಸ್ಕ್ರೂಡ್ರೈವರ್ ತೆಗೆದುಕೊಟ್ಟಳು. ಪಟ್ಟಿ ಬಿಗಿಯಾಯಿತು. ರೇಡಿಯೇಟರು ಗಟಗಟನೆ ಎರಡು ಚೊಂಬು ನೀರು ಕುಡಿಯಿತು. ಐದು ನಿಮಿಷ ಎಂಜಿನ್ ಓಡಿಸಿದರು. ಮುಳ್ಳು ಅರ್ಧಕ್ಕೂ ಬರಲಿಲ್ಲ, ಕಲ್ಲಿನ ಮೇಲೆ ಹನಿ ಬೀಳಲಿಲ್ಲ. ಬಟ್ಟೆ ಹಿಡಿದ ಕೈಯನ್ನು ಸರೋಜಾ ಈ ಸಲ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

— ಸಾಬ್ರೇ, ಒಂದು ಮಾತು ಹೇಳಿಬಿಡ್ರಿ. ಶನಿವಾರದ್ದು ಯಾರ ತಪ್ಪು?

— ಪೈಪಿಂದು ಅಕ್ಕಾರೇ. ನೀವು ಮುಳ್ಳು ನೋಡಿ ನಿಲ್ಲಿಸಿದ್ದಕ್ಕೇ ಎಂಜಿನ್ ಉಳಿದೈತೆ.

ಸರೋಜಾ ಕೈ ಚಾಚಿದಳು. ಪರಶುರಾಮ ಆಕಾಶ ನೋಡಿದ, ಟಾರ್ಚು ನೋಡಿದ, ಕೊನೆಗೆ ಕೀ ಕೊಟ್ಟ. ಗಂಟೆ ಹತ್ತಾಗಿತ್ತು. ಅವಳು ಕೂತು, ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ತನ್ನ ಅಳತೆಗೆ ತಿರುಗಿಸಿದಳು.

— ಅಲ್ಲ ಸರೋಜಾ, ಲೀಕ್ ಪೂರ್ತಿ ನಿಂತೈತೋ ಇಲ್ವೋ ನಾಳೆ ಹೆಂಗೆ ಗೊತ್ತಾಗ್ಬೇಕು? ನೀನು ಮತ್ತೆ ಒರೆಸಿಬಿಡ್ತೀ.

— ನಾಳೆ ನಾನು ಮುಟ್ಟಲ್ಲ. ಐದೂವರೆಗೆ ನೀವೇ ಏಳ್ರಿ. ಮೊದ್ಲು ನೆಲ ನೋಡ್ರಿ. ಆಮೇಲೆ ಕಸ ಹೊಡ್ದು, ನೀರು ಹಾಕಿ, ಏಳು ಸಾಲು ಚುಕ್ಕಿ ಇಡ್ರಿ. ಒಂದು ತಾಸು ಬಿಟ್ಟು ಎಲ್ಲಾ ಚುಕ್ಕಿ ಉಳಿದಿದ್ರೆ ಗಾಡಿ ಸರಿ ಐತೆ.

— ರಂಗೋಲಿನಾ? ನಂಗೆಲ್ಲಿ ಬರ್ತೈತೆ ಅದು!

ಸರೋಜಾ ಗೇರು ಹಾಕಿದಳು.

— ಬೇಕಾದಷ್ಟು ವಿಡಿಯೋ ಅದಾವೆ, ನೋಡ್ರಿ.