ದಾವೂದ್ ಸಾಹೇಬರ ನಾಲಿಗೆ ಕೈಕೊಟ್ಟ ದಿನ

"ಹದಿನೈದೇ ದಿನ! ಈ ಶುಗರ್ರನ್ನ ಹೊನ್ನಾಳಿ ಹೊಳೆ ದಾಟಿಸಿ ಓಡಿಸ್ದೆ ಇದ್ರೆ ನನ್ನ ಹೆಸರು ದಾವೂದ್ ಅಲ್ಲ!"

ಮೂವತ್ತು ವರ್ಷ ಮದುವೆಮನೆಗಳಲ್ಲಿ ಅಡುಗೆ ಮಾಡಿ ಹೆಸರಾದ ದಾವೂದ್ ಸಾಹೇಬರು ಹೀಗೆ ಘೋಷಿಸಿ, ಸಕ್ಕರೆ ಕಾಯಿಲೆಗೆ ಮದ್ದೆಂದು ಮಧುನಾಶಿನಿ ಸೊಪ್ಪು ಅರೆದು ದಿನಾ ಒಂದು ಲೋಟ ರಸ ಕುಡಿಯತೊಡಗಿದರು. ಪುಣ್ಯಕ್ಕೆ ಡಾಕ್ಟರು ಕೊಟ್ಟ ಗುಳಿಗೆ ಬಿಟ್ಟಿರಲಿಲ್ಲ. ಹೆಂಡತಿ ಅಖ್ತರ್‌ಬೀ ಬಿಡಗೊಟ್ಟಿರಲಿಲ್ಲ ಎನ್ನುವುದೇ ಸರಿ.

ಎಂಟನೆಯ ದಿನ ಬೆರಳು ಚುಚ್ಚಿ ನೋಡಿದರೆ ಶುಗರ್ ಇದ್ದಲ್ಲೇ ಇತ್ತು! ಸಾಹೇಬರಿಗೆ ರೇಗಿತು. ಒಂದು ಲೋಟದ ಬದಲು ಎರಡು ಲೋಟ ರಸ ಕುಡಿದು ಒಲೆಯ ಮುಂದೆ ನಿಂತರು. ಅದೂ ಯಾವತ್ತು? ಮಗಳು ನುಜಹತ್‌ಳ ಸಂಬಂಧ ಕುದುರಬೇಕಾದ ದಿನ! ಚನ್ನಗಿರಿಯ ಅನೀಸ್ ಸಾಹೇಬರು ಮಗ ನವಾಜನ ಜೊತೆ ಊಟಕ್ಕೆ ಬಂದು ಕೊನೆಯ ಮಾತು ಹೇಳುವವರಿದ್ದರು. ಹಿಂದೊಂದು ಸಂಬಂಧ ಮುರಿದ ಮೇಲೆ ಹುಡುಗಿ ಮತ್ತೆ ನಕ್ಕಿದ್ದೇ ನವಾಜನ ಮಾತು ಬಂದಾಗ. ಅಪ್ಪನಿಗೆ ಅದು ಗೊತ್ತಿತ್ತು.

ಸೋರೆಕಾಯಿ ಖೀರು ಕುದಿಯಿತು. ರುಚಿ ನೋಡಿದರು. ಸಪ್ಪೆ! ಬೊಗಸೆ ಸಕ್ಕರೆ ಸುರಿದರು. ಆಗಲೂ ಸಪ್ಪೆ!

"ನಾನು ಒಂಚೂರು ನೋಡ್ಲೇನ್ರೀ?" ಎಂದರು ಅಖ್ತರ್‌ಬೀ.

"ಮೂರು ತಾಲ್ಲೂಕು ಮೆಚ್ಚಿದ ನಾಲಿಗೆ ಐತೆ ಇದು! ಸಕ್ಕರೇನೇ ಕಲಬೆರಕೆ. ಅಂಗಡಿಯವನ್ನ ಆಮೇಲೆ ವಿಚಾರಿಸ್ಕೊಂತೀನಿ!"

ಸಕ್ಕರೆ ಡಬ್ಬಿ ಖಾಲಿಯಾಯಿತು.

ಊಟಕ್ಕೆ ಕೂತ ಅನೀಸ್ ಸಾಹೇಬರು ಖೀರನ್ನು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಹೇಗೋ ನುಂಗಿ ನೀರು ಕೇಳಿದರು. ಮತ್ತೊಂದು ಲೋಟ ಕೇಳಿದರು. ನವಾಜ್ ಬಟ್ಟಲನ್ನು ಮೆಲ್ಲಗೆ ಸರಿಸಿದ. ಪರದೆಯ ಹಿಂದೆ ನುಜಹತ್‌ಳ ಮುಖ ಬಾಡಿತು.

ಅಖ್ತರ್‌ಬೀ ಖೀರು ನೆಕ್ಕಿ ನೋಡಿದವರೇ ಬೆಲ್ಲದ ಚೂರೊಂದನ್ನು ತಂದು ಎಲ್ಲರೆದುರೇ ಗಂಡನ ಬಾಯಿಗೆ ಹಾಕಿದರು.

"ಹೆಂಗೈತೆ?"

"ಮಣ್ಣು ತಿಂದಂಗೈತೆ!"

"ನಿಮ್ಮ ರಸ ರಕ್ತದಾಗಿನ ಸಕ್ಕರೆ ಬಿಟ್ಟು ನಾಲಿಗೆ ಮ್ಯಾಲಿನ ಸಿಹಿ ರುಚೀನೇ ಕೊಂದೈತ್ರೀ!"

ದಾವೂದ್ ಸಾಹೇಬರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ರಸದ ಕಥೆಯನ್ನೆಲ್ಲ ಹೇಳಿ ಕೈಮುಗಿದರು. "ತಪ್ಪು ನಂದು. ನನ್ನ ಮೇಲಿನ ಸಿಟ್ಟು ಮಗಳ ಮೇಲೆ ತೀರಿಸ್ಕೋಬ್ಯಾಡ್ರಿ."

ಅನೀಸ್ ಸಾಹೇಬರು ಗಡ್ಡ ನೀವಿಕೊಂಡರು. "ಹುಡುಗಿ ನಮಗೆ ಒಪ್ಪಿಗೆ. ಆದ್ರೆ ಒಂದು ಷರತ್ತೈತೆ."

ದಾವೂದ್ ಸಾಹೇಬರು ಮುಂದಕ್ಕೆ ಬಾಗಿದರು. "ಏನಾದ್ರೂ ಕೇಳ್ರಿ. ಇಲ್ಲ ಅನ್ನಲ್ಲ."

"ಮದ್ವೆ ಅಡುಗೆಗೆ ಬೇರೆಯವ್ರನ್ನ ಕರೀರಿ!"