ಪೂಜೆಗೆ ಒರೆಸಿಟ್ಟ ಸೀಸೆಗಳು

ಮೈನಸ್ ಇಪ್ಪತ್ತು ಡಿಗ್ರಿಯಲ್ಲಿಟ್ಟರೆ ಏನೂ ಕೆಡಲ್ಲ ಅಂತಾರೆ. ಆ ಫ್ರೀಜರ್ ನನ್ನ ಕೈಲಿದ್ರೆ ಮಾತ್ರ ಏನಾದ್ರೂ ಒಂದು ಕೆಡ್ತಾನೇ ಇರುತ್ತೆ. ಚಿಕ್ಕಬಳ್ಳಾಪುರದ ಹತ್ತಿರ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ನಾನು ಅಟೆಂಡರ್. ಶಿಡ್ಲಘಟ್ಟದ ಹುಡುಗಿಯೊಬ್ಬಳು ಅಲ್ಲಿ ಪಿಎಚ್‌ಡಿ ಮಾಡ್ತಿದ್ಲು. ಪೆಪ್ಟೈಡ್ ಅಂದ್ರೆ ಪ್ರೋಟೀನಿನ ಚಿಕ್ಕ ತುಣುಕು. ಅದರಿಂದ ರೇಷ್ಮೆಹುಳುವಿನ ರೋಗ ತಡೀಬೋದಾ ಅಂತ ಅವಳ ಸಂಶೋಧನೆ. ಅವಳ ಪೆಪ್ಟೈಡ್ ಕಾಯೋ ಕೆಲಸ ನಂದು. ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ.

ಖಾಲಿ ಸೀಸೆ

ಮೊದಲ ಪಾರ್ಸೆಲ್ ಬಿಚ್ಚಿದೋನು ನಾನೇ. ಹೆಬ್ಬೆರಳಷ್ಟು ಸೀಸೆ. ಬೆಳಕಿಗೆ ಹಿಡಿದು ನೋಡಿದ್ರೆ ಒಳಗೆ ಏನೂ ಇಲ್ಲ! ಕೋಪ ನೆತ್ತಿಗೇರಿ ಕಂಪನಿಗೆ ಫೋನ್ ಮಾಡಿದೆ. "ಏನ್ರೀ, ಖಾಲಿ ಸೀಸೆ ಕಳಿಸ್ತೀರಾ? ನಮ್ಮ ಹುಡುಗಿಗೆ ಮೋಸ ಮಾಡಿದ್ರೆ ಸುಮ್ನಿರಲ್ಲ!"

ಆ ಕಡೆಯೋನು ಸಮಾಧಾನವಾಗಿ, "ಸರ್, ಒಂದು ಮಿಲಿಗ್ರಾಂ ಪುಡಿ ಅದು, ಗಾಜಿಗೆ ಅಂಟಿರುತ್ತೆ, ಕಣ್ಣಿಗೆ ಕಾಣಲ್ಲ" ಅಂದ. ತಿರುಗಿ ನೋಡ್ತೀನಿ, ಲ್ಯಾಬಿನ ಮುಖ್ಯಸ್ಥೆ ಮೇಡಂ ಬಾಗಿಲಲ್ಲಿ ನಿಂತಿದ್ದಾರೆ. "ಬೈದಿದ್ದು ಮುಗೀತಾ? ಅವರಿಗೇ ಇನ್ನೊಂದು ಆರ್ಡರ್ ಹೇಳ್ಬೇಕು, ಫೋನ್ ಕೊಡಿ" ಅಂದ್ರು.

ಹಿತಕಿದ ಬೇಳೆ

ಆ ಚಳಿಗಾಲ ನಮ್ಮ ಮಂಡಿಕಲ್ ಕಡೆ ಅವರೆಕಾಯಿ ಸುಗ್ಗಿ. ಹೆಂಡತಿ ಒಂದು ಡಬ್ಬಿ ಬೇಳೆ ಹಿತಕಿ, "ನಿಮ್ಮ ಲ್ಯಾಬಿನ ಫ್ರೀಜರ್‌ನಲ್ಲಿಡಿ, ಯುಗಾದಿವರೆಗೂ ಇರುತ್ತೆ" ಅಂದ್ಲು. ತಪ್ಪು ಅಂತ ಗೊತ್ತಿದ್ದೂ ಪೆಪ್ಟೈಡ್ ಪಕ್ಕದಲ್ಲಿಟ್ಟೆ.

ಮರುವಾರವೇ ತಪಾಸಣೆಗೆ ಹೊರಗಿನ ಪ್ರೊಫೆಸರ್ ಬರಬೇಕಾ! ಡಬ್ಬಿ ಎತ್ತಿ, "ಇದ್ಯಾವ ಸ್ಯಾಂಪಲ್?" ಅಂದ್ರು. ಹುಡುಗಿ ನನ್ನ ಮುಖ ನೋಡಿ, "ಸಸ್ಯದ ಪ್ರೋಟೀನ್ ಸರ್" ಅಂದ್ಲು. ನನಗೋಸ್ಕರ ಆ ಮಗು ಸುಳ್ಳು ಹೇಳ್ತಲ್ಲ ಅಂತ ತಲೆ ತಗ್ಗಿಸಿದೆ. ಪ್ರೊಫೆಸರ್ ಮುಚ್ಚಳ ತೆಗೆದು ಮೂಸಿದ್ರು. "ಸೊಗಡು ಚೆನ್ನಾಗಿದೆ. ನಾನೂ ಈ ಕಡೆಯೋನೇ ಕಣಯ್ಯ, ಚಿಂತಾಮಣಿ. ಮನೆಗೆ ತಗೊಂಡ್ಹೋಗು" ಅಂದ್ರು.

ಆಯುಧಪೂಜೆ

ಮುಂದಿನ ಡಿಸೆಂಬರ್ ಅವಳ ಪ್ರಬಂಧಕ್ಕೆ ಕೊನೇ ಗಡುವು. ಕೊನೇ ಪ್ರಯೋಗಕ್ಕೆ ಅಂತ ಹನ್ನೆರಡು ಸೀಸೆ ಮುಟ್ಟದೆ ಇಟ್ಟಿದ್ಲು. ಅಷ್ಟರಲ್ಲಿ ಆಯುಧಪೂಜೆ ಬಂತು, ಅವಳು ಊರಿಗೆ ಹೋದ್ಲು.

ನಾನು ಲ್ಯಾಬೆಲ್ಲ ತೊಳೆದೆ, ಮೈಕ್ರೋಸ್ಕೋಪಿಗೆ ಹೂ ಮುಡಿಸಿದೆ. ಫ್ರೀಜರ್‌ನಲ್ಲಿದ್ದ ಅವಳ ಪೆಟ್ಟಿಗೆ ತೆಗೆದ್ರೆ ಆ ಸೀಸೆಗಳ ಮೇಲೆ ಮಂಜು ಕೂತಿತ್ತು, ಅದರಡಿ ಕಪ್ಪು ಕಲೆ. ಪೂಜೆಗೆ ಕೊಳಕು ಇರಬಾರದು ಅಂತ ಸ್ಪಿರಿಟ್ ಹಾಕಿ ಒಂದೊಂದನ್ನೂ ಫಳಫಳ ಒರೆಸಿದೆ. ಹನ್ನೆರಡೂ ಮುಗಿದ ಮೇಲೆ ಬಟ್ಟೆ ನೋಡ್ತೀನಿ, ಮಾರ್ಕರ್ ಮಸಿ. ಅಯ್ಯೋ ದೇವುಡಾ, ಅದು ಕಲೆಯಲ್ಲ, ಅವಳು ಬರೆದಿದ್ದ ಪೆಪ್ಟೈಡ್ ಹೆಸರು!

ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಒಂದರಿಂದ ಹನ್ನೆರಡರವರೆಗೆ ನಂಬರ್ ಮುದ್ದಾಗಿ ಬರೆದು, ಕುಂಕುಮ ಇಟ್ಟು, ಫ್ರೀಜರ್ ಬಾಗಿಲು ಹಾಕ್ದೆ.

ರಜೆ ಮುಗಿಸಿ ಬಂದವಳು ಪೆಟ್ಟಿಗೆ ತೆಗೆದು ಸೀಸೆಗಳನ್ನ ಒಂದೊಂದಾಗಿ ತಿರುಗಿಸಿ ನೋಡಿದ್ಲು. "ಅಣ್ಣ, ನನ್ನ ಹತ್ರ ಇದ್ದಿದ್ದು ಎರಡೇ ಥರ, ಆರಾರು ಸೀಸೆ. ನೀವು ಇನ್ನೂ ಹತ್ತು ಥರ ಕಂಡುಹಿಡಿದುಬಿಟ್ರಲ್ಲ" ಅಂತ ನಕ್ಕಳು. ನಗ್ತಾನೇ ಅತ್ತಳು. ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು ನನಗೆ.

ಮೇಡಂ ಹತ್ರ ಹೋಗಿ ಒಪ್ಪಿಕೊಂಡೆ. ಪ್ರತಿ ಸೀಸೆಯಿಂದ ಚೂರು ಬೆಂಗಳೂರಿಗೆ ಪರೀಕ್ಷೆಗೆ ಹೋಯ್ತು. ಯಾವುದು ಯಾವುದು ಅಂತ ಗೊತ್ತಾಗೋಕೆ ಐದು ವಾರ ಹಿಡೀತು. ಉಳಿದ ದಿನಗಳಲ್ಲಿ ಹುಡುಗಿ ಊಟ ನಿದ್ದೆ ಬಿಟ್ಟು ದುಡಿದು ಗಡುವಿನ ದಿನವೇ ಪ್ರಬಂಧ ಒಪ್ಪಿಸಿದ್ಲು.

ಅದರ ಕೃತಜ್ಞತೆಯ ಪುಟದಲ್ಲಿ, "ನನ್ನ ಸೀಸೆಗಳನ್ನು ಇನ್ಯಾರೂ ಇಡಲಾರದಷ್ಟು ಶುಭ್ರವಾಗಿಟ್ಟ ಅಣ್ಣನಿಗೆ" ಅಂತ ಬರೆದಿದ್ದಾಳೆ. ಹೆಂಡತಿ ಆ ಪುಟಕ್ಕೆ ಫ್ರೇಮ್ ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದಾಳೆ. ಬಂದವರಿಗೆಲ್ಲ ತೋರಿಸಿ, "ನಮ್ಮನೆಯವರು ಇಲ್ದಿದ್ರೆ ಆ ಹುಡುಗಿ ಡಾಕ್ಟರೇಟ್ ಏನಾಗ್ತಿತ್ತೋ" ಅಂತಾಳೆ.

ಆಗೆಲ್ಲ ನನಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತೆ.